ನೆಟ್‌ವರ್ಕ್ ಫೋಲ್ಡರ್: ಹುಡುಕುವುದು ಬಿಡಿ, ವಿಳಾಸ ಕೊಡಿ

ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಎಲ್ಲದರ ಫೈಲುಗಳೂ ಒಂದು ವಿಂಡೋಸ್ 11 ಕಂಪ್ಯೂಟರಿನಲ್ಲಿ ಇರುತ್ತವೆ. ಉಳಿದವು ಎರಡು, ಒಂದು ವಿಂಡೋಸ್, ಇನ್ನೊಂದು ಉಬುಂಟು (ಲಿನಕ್ಸ್). ಪೆನ್‌ಡ್ರೈವಿನಲ್ಲಿ ಫೈಲು ಸಾಗಿಸಿದರೆ ಕೊನೆಗೆ ತಿದ್ದಿದ್ದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮದುಮಗನ ಹೆಸರು ತಿದ್ದಿದ ಫೈಲು ಬಿಟ್ಟು ಹಳೆಯದು ಪ್ರಿಂಟಿಗೆ ಹೋದರೆ ಮುಗೀತು ಕಥೆ. ಅದಕ್ಕೇ ಆ ಮುಖ್ಯ ಕಂಪ್ಯೂಟರಿನ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚಿ, ಉಳಿದ ಎರಡರಿಂದಲೂ ತೆರೆಯುವ ಹಾಗೆ ಮಾಡಿದೆ.

ಎಲ್ಲರೂ ಮೊದಲು ಮಾಡುವುದು ಏನು? ಫೈಲ್ ಎಕ್ಸ್‌ಪ್ಲೋರರಿನಲ್ಲಿ ನೆಟ್‌ವರ್ಕ್ ಒತ್ತಿ ಕಾಯುತ್ತಾ ಕೂರುವುದು. ಹೆಸರು ಒಂದು ಸಲ ಕಾಣುತ್ತದೆ, ಇನ್ನೊಂದು ಸಲ ಇಲ್ಲ. ಆ ಪಟ್ಟಿಯನ್ನು ನಾನು ನಂಬುವುದೇ ಇಲ್ಲ. ಹೆಸರು ತೋರಿಸುವ ಸರ್ವಿಸ್ ಬೇರೆ, ನೆಟ್‌ವರ್ಕಿನಲ್ಲಿ ಫೈಲು ಕೊಡುವ ಎಸ್‌ಎಂಬಿ ಅನ್ನುವ ವ್ಯವಸ್ಥೆ ಬೇರೆ. ಎಸ್‌ಎಂಬಿ 445ನೇ ಪೋರ್ಟಿನಲ್ಲಿ ಕೆಲಸ ಮಾಡುತ್ತದೆ, ವಿಳಾಸ ಗೊತ್ತಿದ್ದರೆ ಪಟ್ಟಿಯ ಹಂಗಿಲ್ಲದೆ ಸೀದಾ ಹೋಗಬಹುದು. ಹಾಗಾಗಿ ರೂಟರಿನಲ್ಲಿ ಮುಖ್ಯ ಕಂಪ್ಯೂಟರಿಗೆ 192.168.1.10 ಅಂತ ಕಾಯಂ ಐಪಿ, ಅಂದರೆ ನೆಟ್‌ವರ್ಕಿನ ವಿಳಾಸ, ಕೊಟ್ಟೆ, ಅದರ ನೆಟ್‌ವರ್ಕ್ ಪ್ರೊಫೈಲನ್ನು ಪ್ರೈವೇಟ್ (ನಂಬಿಕೆಯ ನೆಟ್‌ವರ್ಕ್) ಮಾಡಿದೆ. ಇನ್ನೊಂದು ವಿಂಡೋಸಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಆ ಐಪಿ ಬರೆದೆ. ಪಾಸ್‌ವರ್ಡ್ ಕೇಳಿತು.

ಇಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ದಿನಾ ಲಾಗಿನ್ ಆಗುವ ನಾಲ್ಕಂಕಿ ಪಿನ್ ಇಲ್ಲಿ ನಡೆಯುವುದಿಲ್ಲ, ಅದು ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ನಾನು ಫೈಲುಗಳಿಗೆ ಅಂತಲೇ ಮುಖ್ಯ ಕಂಪ್ಯೂಟರಿನಲ್ಲಿ ಒಂದು ಲೋಕಲ್ ಅಕೌಂಟ್ ಮಾಡಿ ಪಾಸ್‌ವರ್ಡ್ ಇಟ್ಟೆ. ಫೋಲ್ಡರಿನ ಶೇರಿಂಗ್ ಟ್ಯಾಬಿನಲ್ಲೂ ಸೆಕ್ಯುರಿಟಿ ಟ್ಯಾಬಿನಲ್ಲೂ ಅದಕ್ಕೆ ಅನುಮತಿ ಕೊಡಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಕನೆಕ್ಟ್ ಆಗದಿದ್ದರೆ ಎಸ್‌ಎಂಬಿಯ ಹಳೆಯ ಆವೃತ್ತಿ ಎಸ್‌ಎಂಬಿ1 ಆನ್ ಮಾಡಿ ಅಂತ ಸಲಹೆ ಕೊಡುವವರು ಈಗಲೂ ಇದ್ದಾರೆ. ಬೇಡ. 2017ರ ಮೇ ತಿಂಗಳಲ್ಲಿ ಫೈಲು ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದೇ ತೂತಿನಿಂದ. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಹಾಕಿದಾಗ ಎಸ್‌ಎಂಬಿ1 ಸರ್ವರ್ ಬರುವುದೇ ಇಲ್ಲ. ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ಹಂಚುವ ಹಳೆಯ ಅಭ್ಯಾಸವೂ ಅಷ್ಟೇ, ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯಲ್ಲಿ ಗೆಸ್ಟ್ ಆಗಿ, ಅಂದರೆ ಪಾಸ್‌ವರ್ಡ್ ಕೊಡದೆ, ಬೇರೆ ಕಂಪ್ಯೂಟರಿಗೆ ಹೋಗುವುದನ್ನು ಮೊದಲೇ ತಡೆದಿರುತ್ತಾರೆ. ಒಂದು ಪಾಸ್‌ವರ್ಡ್ ಇಡುವುದಕ್ಕೆ ಏನು ಕಷ್ಟ, ಅಲ್ವಾ?

ಉಬುಂಟುವಿನಲ್ಲಿ ಫೈಲ್ಸ್ ಆ್ಯಪಿನಿಂದಲೂ ಫೋಲ್ಡರ್ ತೆರೆಯಬಹುದು, ಸುಮ್ನೆ ನೋಡುವುದಕ್ಕೆ ಸಾಕು. ದಿನದ ಕೆಲಸಕ್ಕೆ ನಾನು ಎಸ್‌ಎಂಬಿ ಫೋಲ್ಡರ್ ಜೋಡಿಸುವ ಸಿಐಎಫ್‌ಎಸ್-ಯುಟಿಲ್ಸ್ ಹಾಕಿ, ಶುರುವಾಗುವಾಗ ಯಾವ ಫೋಲ್ಡರ್ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಆ ಫೈಲನ್ನು ಯಾರು ಬೇಕಾದರೂ ಓದಬಹುದು, ಅದಕ್ಕೇ ಪಾಸ್‌ವರ್ಡನ್ನು ಬೇರೆ ಫೈಲಿನಲ್ಲಿ, ಮಾಲೀಕ ಮಾತ್ರ ಓದಿ ಬರೆಯುವ 600 ಪರ್ಮಿಷನ್ ಕೊಟ್ಟು ಇಟ್ಟೆ. ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ಯುಐಡಿ 1000 (ಉಬುಂಟುವಿನ ಮೊದಲ ಬಳಕೆದಾರರ ಸಂಖ್ಯೆ) ಅಂತ ಸೇರಿಸದಿದ್ದರೆ ರೂಟ್ (ಅಡ್ಮಿನ್) ಬಿಟ್ಟು ಬೇರೆಯವರು ಸೇವ್ ಮಾಡಲು ಆಗುವುದಿಲ್ಲ. ನೋಫೇಲ್ ಅಂತಲೂ ಇರಲಿ, ಮುಖ್ಯ ಕಂಪ್ಯೂಟರ್ ಆಫ್ ಆಗಿದ್ದರೂ ಉಬುಂಟು ಶುರುವಾಗುತ್ತದೆ.

ಮುಖ್ಯ ಕಂಪ್ಯೂಟರಿನ ಸ್ಲೀಪ್ ಮಾತ್ರ ಪೂರ್ತಿ ತೆಗೆದುಹಾಕಿ. ಅದು ಮಲಗಿದರೆ ಉಳಿದವರ ಫೋಲ್ಡರೂ ಹೋಗುತ್ತದೆ, ಆಗ ಜನ ಮತ್ತೆ ಪೆನ್‌ಡ್ರೈವ್ ಹುಡುಕುತ್ತಾರೆ.