ಕಲ್ಲು ನೆಲದ ಹಳೇ ಮನೆಗೆ ಅರ್ಥಿಂಗ್ ಮತ್ತು ಆರ್‌ಸಿಸಿಬಿ

ನಮ್ಮವ್ವ ಆರು ತಿಂಗಳು ಮರದ ಮಣೆ ಮೇಲೆ ನಿಂತು ಗ್ರೈಂಡರ್ ಬಳಸಿದ್ದರು. ಚಿತ್ರದುರ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ವೈರಿಂಗ್ ಕೆಲಸ ಮಾಡುವ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಒಂದು ದಿನ ಕೇಳಿದೆ, "ಅವ್ವಾ, ಮಣೆ ಯಾಕೆ?"

"ಬರಿಗಾಲಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತಪ್ಪ, ಅದಕ್ಕೆ."

ಟೆಸ್ಟರ್ ಇಟ್ಟರೆ ಗ್ರೈಂಡರ್ ಬಾಡಿಯಲ್ಲೇ ದೀಪ ಹತ್ತಿತು. ಮೇನ್ ಆಫ್ ಮಾಡಿ, ಬಾಡಿಗೆ ಬಂದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥ್ ವೈರಿನ ಜಾಡು ಹಿಡಿದು ಹೋದೆ. ಗೋಡೆಗುಂಟ ಬಂದು ಹಿತ್ತಲ ನಲ್ಲಿ ಪೈಪಿಗೆ ಸುತ್ತಿಕೊಂಡಿತ್ತು. ಅಪ್ಪನ ಕಾಲದಲ್ಲಿ ಹಾಗೇ ಕಟ್ಟುತ್ತಿದ್ದರು. ಆಗ ಪೈಪು ಕಬ್ಬಿಣದ್ದು, ನೆಲದೊಳಗೆ ದೂರದವರೆಗೂ ಹೋಗುತ್ತಿತ್ತು. ಅದು ತುಕ್ಕು ಹಿಡಿದಾಗ ನೆಲದೊಳಗಿನದನ್ನೆಲ್ಲ ಪಿವಿಸಿ ಮಾಡಿಸಿದ್ದೆವು. ಮೇಲೆ ಮೊಳದುದ್ದ ಕಬ್ಬಿಣ ಮಾತ್ರ ಉಳಿದಿತ್ತು. ಅವ್ವನ ಗ್ರೈಂಡರಿನ ಅರ್ಥ್ ಅಲ್ಲಿಗೇ ಮುಗಿದಿತ್ತು.

ದೊಡ್ಡಪೇಟೆ ಕಡೆಯ ಹಳೇ ಮನೆಗಳಲ್ಲಿ ಇದನ್ನೇ ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಹಳೇ ಮನೆಯಲ್ಲಿ ಇರುವವರು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಮನೆಯ ಅರ್ಥ್ ವೈರ್ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ?

ಅದು ನೆಲದಲ್ಲಿ ಪೈಪು ಹೂತ ಅರ್ಥ್ ಗುಂಡಿಗೇ ಸೇರಿದ್ದರೂ ಅಷ್ಟೇ ಸಾಕಾಗಲ್ಲ. ನಮ್ಮ ಊರಿನದು ಬಂಡೆ ನೆಲ. ಎರಡು ಅಡಿ ಅಗೆದರೆ ಗುದ್ದಲಿ ಠಣ್ ಅನ್ನುತ್ತದೆ. ಮಾರ್ಚ್, ಏಪ್ರಿಲ್ ಬಂದರೆ ಮಣ್ಣಿನಲ್ಲಿ ಹನಿ ತೇವ ಇರಲ್ಲ. ಒಣ ಮಣ್ಣು ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವುದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಮನೆಯ ಅರ್ಥ್ 5 ಓಮ್ ಒಳಗಿದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ನಿಮ್ಮದು 50 ಓಮ್‌ಗೆ ಏರಿದೆ ಅಂದುಕೊಳ್ಳಿ. ಗೀಸರ್ ಬಾಡಿಗೆ ಫೇಸ್, ಅಂದರೆ ಕರೆಂಟು ತರುವ ವೈರ್, ತಗುಲಿತು. 230 ವೋಲ್ಟನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು ಎಂಸಿಬಿ. ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಅಲುಗಾಡುವುದೂ ಇಲ್ಲ. ಗೀಸರ್ ಬಾಡಿಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಸ್ನಾನಕ್ಕೆ ಹೋದವರು ಒದ್ದೆ ಕೈಯಲ್ಲಿ ಮುಟ್ಟುತ್ತಾರೆ.

"ಎಂಸಿಬಿ ಹಾಕಿಸಿದ್ದೀವಲ್ಲ ಅಣ್ಣ" ಎಂದು ಧೈರ್ಯವಾಗಿ ಹೇಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ, ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು. ಹೋದ ಕರೆಂಟು ಪೂರ್ತಿ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಬೇರೆ ದಾರಿಯಲ್ಲಿ ಸೋರಿದರೂ ಕ್ಷಣದಲ್ಲಿ ಕಟ್ ಮಾಡುತ್ತದೆ. ಅರ್ಥ್ 50 ಓಮ್ ಇದ್ದರೂ ಅದು ಕೆಲಸ ಮಾಡುತ್ತದೆ. ಹಾಗಂತ ಅರ್ಥ್ ಬಿಡಬೇಡಿ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮೊದಲೇ ಟ್ರಿಪ್ ಆಗುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ.

ಅಂಗಡಿಯಲ್ಲಿ ಕೇಳುವಾಗ "30 ಮಿಲಿ ಆಂಪಿಯರಿನದು" ಎಂದೇ ಹೇಳಿ. 100, 300ರದೂ ಸಿಗುತ್ತದೆ, ಅವು ಜೀವ ಉಳಿಸಲು ಅಲ್ಲ. ಸಿಂಗಲ್ ಫೇಸ್ ಮನೆಗೆ ಸಾಮಾನ್ಯವಾಗಿ ಎರಡು ಪೋಲಿನ, ಅಂದರೆ ಎರಡೂ ವೈರನ್ನು ಕಟ್ ಮಾಡುವ, 40 ಆಂಪಿಯರಿನದು ಸಾಕು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬಣ್ಣದ ಸ್ವಿಚ್ಚು, ಹೊಸ ಫ್ಯಾನು ಎಲ್ಲ ಆಮೇಲೆ. ಮೊದಲು ಇದು.

ಹಳೇ ಮನೆಗೆ ಆರ್‌ಸಿಸಿಬಿ ಹಾಕಿದ ದಿನವೇ ಅದು ಪದೇ ಪದೇ ಬೀಳಬಹುದು. ಆಗ ಕಿತ್ತು ಹಾಕಬೇಡಿ, ದಯವಿಟ್ಟು. ಎಲ್ಲೋ ಕರೆಂಟು ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಎಲ್ಲಾ ಪ್ಲಗ್ ಕಿತ್ತಿಟ್ಟು, ಎಲ್ಲಾ ಎಂಸಿಬಿ ಇಳಿಸಿ, ಒಂದೊಂದನ್ನೇ ಮೇಲೆತ್ತಿ. ಆಮೇಲೆ ಒಂದೊಂದೇ ಪ್ಲಗ್ ಹಾಕಿ. ಯಾವುದಕ್ಕೆ ಬೀಳುತ್ತದೋ ಅಲ್ಲೇ ಹುಡುಕಬೇಕು. ನಾನು ಕಂಡಂತೆ ಜಾಸ್ತಿ ಸಲ ಸಿಕ್ಕಿಬೀಳುವುದು ಗೀಸರ್ ಕಾಯಿಲ್, ಇಲ್ಲವೇ ನೀರಿನ ಮೋಟರು. ಪ್ಲಗ್ ಕಿತ್ತರೂ ಬೀಳುತ್ತಿದ್ದರೆ ವೈರಿಂಗಿನ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ವೈರ್, ಎಲ್ಲೋ ಅರ್ಥಿಗೆ ತಾಗಿರಬಹುದು. ಅದನ್ನು ಹುಡುಕುವುದು ಎಲೆಕ್ಟ್ರೀಶಿಯನ್ ಕೆಲಸ.

ಈಗ ಅರ್ಥ್ ಗುಂಡಿಯ ವಿಷಯ. ಗೋಡೆಯಿಂದ ಐದಡಿ ದೂರ, ಬಚ್ಚಲ ನೀರು ಹರಿದು ಸದಾ ತಂಪಿರುವ ಕಡೆ ಜಾಗ ನೋಡಿ. 40 ಮಿಲಿಮೀಟರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಎರಡೂವರೆ ಮೀಟರ್ ಆಳ, ಸುತ್ತ ಇದ್ದಿಲು ಮತ್ತು ಉಪ್ಪು. ಇದು ಮೊದಲಿನಿಂದ ಬಂದ ಪದ್ಧತಿ. ಉಪ್ಪು ಪೈಪನ್ನು ತಿನ್ನುತ್ತದೆ, ಮಳೆಗೆ ಕರಗಿಯೂ ಹೋಗುತ್ತದೆ. ಬೆಂಟೊನೈಟ್ ಮಣ್ಣು ಸಿಕ್ಕರೆ ಅದೇ ಮೇಲು, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಂಡೆ ಸಿಕ್ಕಿ ಆಳಕ್ಕೆ ಹೋಗದಿದ್ದರೆ ಸುಮ್ನೆ ಅರ್ಧ ಪೈಪು ಕತ್ತರಿಸಿ ಮುಚ್ಚಬೇಡಿ. ಜಾಗ ಬದಲಿಸಿ, ಇಲ್ಲವೇ ಅಡ್ಡಲಾಗಿ ಕಾಲುವೆ ತೋಡಿ ಜಿಐ ಪಟ್ಟಿ ಹೂಳಿಸಿ. ಒಂದು ಪೈಪಿಗೆ ಓಮ್ ಇಳಿಯದಿದ್ದರೆ ಎರಡೂವರೆ ಮೂರು ಮೀಟರ್ ಬಿಟ್ಟು ಇನ್ನೊಂದನ್ನು ಹಾಕಿಸಿ ಎರಡನ್ನೂ ಜೋಡಿಸಿ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಗುಂಡಿಯ ಬಾಯಿಗೆ ಒಂದು ಕೊಡ ನೀರು ಹಾಕಿ. ನಮ್ಮನೆಯಲ್ಲಿ ಆ ಕೆಲಸ ಅವ್ವನದು, ತುಳಸಿಗೆ ಹಾಕಿದ ಮೇಲೆ.

ಕೆಲವರು ಫೇಸ್ ಮತ್ತು ಅರ್ಥ್ ನಡುವೆ ಬಲ್ಬ್ ಹಿಡಿದು, "ಉರೀತಲ್ಲ, ಅರ್ಥ್ ಚೆನ್ನಾಗಿದೆ" ಅನ್ನುತ್ತಾರೆ. ನಂಬಬೇಡಿ. 60 ವ್ಯಾಟಿನ ಬಲ್ಬಿಗೇ ಸುಮಾರು 880 ಓಮ್ ಇರುತ್ತದೆ. ಅದರ ಜೊತೆ ಅರ್ಥಿಂದು 50 ಓಮ್ ಸೇರಿದರೂ ಬೆಳಕಿನಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಅರ್ಥಿನ ಓಮ್ ತೋರಿಸುವ ಅರ್ಥ್ ಟೆಸ್ಟರ್ ಮೀಟರಿನಲ್ಲೇ ಅಳೆಸಿ, ಅದೂ ಏಪ್ರಿಲ್‌ನಲ್ಲಿ. ಮಳೆಗಾಲದಲ್ಲಿ ಅಳೆದರೆ ಎಲ್ಲರದೂ ಪಾಸ್. ಇನ್ನು ಸಾಕೆಟ್ಟಿನೊಳಗೆ ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಸೇರಿಸುವವರೂ ಇದ್ದಾರೆ. ನ್ಯೂಟ್ರಲ್ ಒಂದು ಕಡೆ ತುಂಡಾದರೆ ಫ್ರಿಜ್ಜಿನ ಬಾಗಿಲಿಗೇ 230 ವೋಲ್ಟ್ ಬರುತ್ತದೆ. ಅಂಥದ್ದು ಕಂಡರೆ ಅವತ್ತೇ ತೆಗೆಸಿ.

ಮಾಳಿಗೆ ಮನೆಗಳ ಮರದ ಪಟ್ಟಿ ವೈರಿಂಗಿನಲ್ಲಿ ರಬ್ಬರ್ ವೈರ್ ಇದ್ದರೆ ಬದಲಿಸಲೇಬೇಕು. ಬಿಸಿಲಿಗೆ ಒಣಗಿ, ಬೆರಳಲ್ಲಿ ಬಗ್ಗಿಸಿದರೆ ರಾಗಿ ಹಿಟ್ಟಿನಂತೆ ಉದುರುತ್ತದೆ. ಲೈಟಿಗೆ 1.5, ಸಾಕೆಟ್ಟಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್. ತಗಡಿನ ಶೀಟಿನ ಕೆಳಗೆ ಹೋಗುವುದಾದರೆ ಒಂದು ಸೈಜು ಮೇಲಿನದು ಹಾಕಿಸಿ, ಅಲ್ಲಿನ ಬಿಸಿಗೆ ವೈರಿನ ತಾಕತ್ತು ಇಳಿಯುತ್ತದೆ. ಎಲ್ಲಾ ಒಮ್ಮೆಗೇ ಆಗದಿದ್ದರೆ ಅಡುಗೆ ಮನೆ, ಬಚ್ಚಲು ಮೊದಲು.

ಕೂಲರ್ ಬಗ್ಗೆ ಒಂದು ಮಾತು. ನಮ್ಮ ಒಣ ಸೆಕೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಆದರೆ ತಗಡಿನ ಬಾಡಿ, ಒಳಗೆ ನೀರು, ನೀರಲ್ಲೇ ಪಂಪು. ಎರಡು ಪಿನ್ನಿನ ಪ್ಲಗ್ ಇದ್ದರೆ ಮೂರು ಪಿನ್ನಿನದು ಹಾಕಿಸಿ, ಹಸಿರು ವೈರನ್ನು ಬಾಡಿಗೆ ಸ್ಕ್ರೂ ಹಾಕಿ ಬಿಗಿಸಲು ಹೇಳಿ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ. ಹಳೇ ವೈರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲ್ ಮೇಲಿರುವುದು ಉಂಟು. ಆಗ ಆರಿಸಿದರೂ ಒಳಗೆ ಫೇಸ್ ಇದ್ದೇ ಇರುತ್ತದೆ. ಮಕ್ಕಳಿಗೂ ಇದನ್ನು ಕಲಿಸಿ.

ಕೆಲಸ ಮುಗಿದ ದಿನ ಅರ್ಥ್ ಎಷ್ಟು ಓಮ್ ಬಂತು, ವೈರಿನ ಹೊದಿಕೆ ಕರೆಂಟು ಸೋರಿಸುತ್ತದಾ ಎಂದು ನೋಡುವ ಮೆಗ್ಗರ್ ಮೀಟರಿನಲ್ಲಿ ವೈರಿಂಗ್ ಎಷ್ಟು ಮೆಗಾಓಮ್ (ಹತ್ತು ಲಕ್ಷ ಓಮ್) ತೋರಿಸಿತು ಎಂದು ಕೇಳಿ. ಅರ್ಥಿನ ಓಮ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಆದರೆ ಮೆಗಾಓಮ್ ಒಂದಕ್ಕಿಂತ ಕಡಿಮೆ ಇರಬಾರದು. ಎರಡನ್ನೂ ತಾರೀಖಿನ ಸಮೇತ ಮೇನ್ ಬೋರ್ಡಿನ ಬಾಗಿಲ ಒಳಗೆ ಬರೆಸಿಟ್ಟುಕೊಳ್ಳಿ. ಆರ್‌ಸಿಸಿಬಿ ಮೇಲೆ ಟಿ ಎಂದು ಬರೆದ ಸಣ್ಣ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಟಕ್ ಅಂತ ಬೀಳದಿದ್ದರೆ ಅವತ್ತೇ ಎಲೆಕ್ಟ್ರೀಶಿಯನ್‌ಗೆ ಫೋನ್ ಮಾಡಿ.