ಬಳ್ಳಾರಿಯಿಂದ ಬೆಂಗಳೂರಿಗೆ: 40 ಮೀಟರ್ ಬ್ಯಾಂಡಿಗೆ ನಾನು ಕಟ್ಟುವ ಆಂಟೆನಾ

ಬಳ್ಳಾರಿಯಲ್ಲಿ ಕೂತು ಹಗಲು ಹೊತ್ತು ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) ಜೊತೆ ಮಾತಾಡಲು ಎತ್ತರದ ಟವರ್ ಬೇಡ. 40 ಮೀಟರ್ ಬ್ಯಾಂಡ್, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್‌ಗೆ, 7 ಮೀಟರ್ ಎತ್ತರದ ಡೈಪೋಲ್ (ನಡುವೆ ಕೇಬಲ್ ಸೇರಿಸಿ ಎರಡೂ ಕಡೆಗೆ ಎಳೆದ ತಂತಿ) ಸಾಕು. ತಂತಿ ತಗ್ಗಿನಲ್ಲಿದ್ದರೆ ಸಿಗ್ನಲ್ ನೆತ್ತಿಯ ಕಡೆಗೇ ಹೆಚ್ಚು ಹೋಗುತ್ತದೆ. ಅಯಾನುಗೋಳ, ಅಂದರೆ ರೇಡಿಯೋ ಅಲೆಯನ್ನು ಬಾಗಿಸುವ ವಾತಾವರಣದ ಮೇಲಿನ ಪದರ, ಅದನ್ನು ಸುತ್ತಲಿನ ಮುನ್ನೂರು ನಾನೂರು ಕಿ.ಮೀ.ಗೆ ಇಳಿಸುತ್ತದೆ.

ಮನೆ ವೈರಿಂಗಿನ 1.5 ಚದರ ಮಿ.ಮೀ. ತಂತಿಯನ್ನು ಒಂದೊಂದು ಕಡೆಗೆ 10.4 ಮೀಟರ್ ಕತ್ತರಿಸುತ್ತೇನೆ. ಉದ್ದ ಬೇಕೆಂದೇ ಜಾಸ್ತಿ. ಜಿಐ ಪೈಪಿನ ತುದಿಗೆ ನಡುಭಾಗ ಕಟ್ಟಿ, ಎರಡೂ ತುದಿಗಳನ್ನು ನೈಲಾನ್ ಹಗ್ಗದಲ್ಲಿ ನೆಲದಿಂದ 2.5 ಮೀಟರ್ ಮೇಲೆ ನಿಲ್ಲಿಸಬೇಕು. ಪ್ರಸಾರದ ವೇಳೆ ತುದಿಗಳಲ್ಲಿ ವೋಲ್ಟೇಜ್ ಬಹಳ. ಮಕ್ಕಳ ಕೈಗೆ, ದನದ ಕೊಂಬಿಗೆ ಸಿಗಬಾರದು. ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ (ಆಂಟೆನಾ ಎಷ್ಟು ಹೊಂದಿಕೊಂಡಿದೆ ಎಂದು ತೋರಿಸುವುದು, ಓದು ಕಡಿಮೆಯಿದ್ದಷ್ಟೂ ಒಳ್ಳೆಯದು) ಅತಿ ಕಡಿಮೆ ಓದು 6.9 ಮೆಗಾಹರ್ಟ್ಸ್‌ನಲ್ಲಿ ಬಂದರೆ ತಂತಿ ಉದ್ದವಾಗಿದೆ. ಎರಡೂ ಕಡೆ 10 ಸೆಂ.ಮೀ. ಮಡಚಿದರೆ ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ. ಕತ್ತರಿಸಬೇಡಿ, ಹಿಂದಕ್ಕೆ ಮಡಚಿ ಸುತ್ತಿ.

ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೇಬಲ್ ಆರ್‌ಜಿ-58 ಎಂಬ ತೆಳು ಕೋಆಕ್ಸಿಯಲ್. ಆಂಟೆನಾದ ನಡುವೆ ಕೇಬಲ್ ಸೇರುವ ಜಾಗದಲ್ಲೇ ಅದನ್ನು 110 ಮಿ.ಮೀ. ಪಿವಿಸಿ ಪೈಪಿಗೆ 17 ಸುತ್ತು ಒತ್ತಾಗಿ ಸುತ್ತುತ್ತೇನೆ. ಇಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾದಂತೆ ವರ್ತಿಸಿ ಮನೆಯ ವಿದ್ಯುತ್ ಉಪಕರಣಗಳ ಗದ್ದಲವನ್ನೆಲ್ಲ ರೇಡಿಯೋಗೆ ತರುತ್ತದೆ. ಜಾಯಿಂಟಿಗೆ ಮೊದಲು ರಬ್ಬರ್ ಟೇಪ್, ಮೇಲೆ ಪಿವಿಸಿ ಟೇಪ್. ನಮ್ಮ ಬಿಸಿಲಿಗೆ ಬರೀ ಪಿವಿಸಿ ಟೇಪ್ ಬಿಟ್ಟುಕೊಂಡು ಮೊದಲ ಮಳೆಗೇ ನೀರು ಒಳಗಿಳಿಯುತ್ತದೆ. ಒಳಗಿನ ತಂತಿಯ ಹೆಣಿಗೆ ಕಪ್ಪಾದ ಕೇಬಲ್ ಪವರನ್ನು ತಾನೇ ನುಂಗುವುದರಿಂದ ಮೀಟರ್ ಮಾತ್ರ ಮೊದಲಿಗಿಂತ ಚೆನ್ನಾಗಿ ತೋರಿಸುತ್ತದೆ! ಆ ಓದನ್ನು ನಂಬಬಾರದು.

ಪವರಿಗಿಂತ ಗದ್ದಲದ ಕಡೆ ಗಮನ ಕೊಡಿ. 100 ವ್ಯಾಟನ್ನು 25ಕ್ಕೆ ಇಳಿಸಿದರೆ ಕೇಳುವವನಿಗೆ ಒಂದೇ ಎಸ್-ಯೂನಿಟ್ (ರೇಡಿಯೋದ ಸಿಗ್ನಲ್ ಮೀಟರಿನ ಒಂದು ಗೆರೆ) ಕಡಿಮೆ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್ ಸೇರಿದರೆ ಅವುಗಳ ಗದ್ದಲದಲ್ಲಿ ಹಲವು ಯೂನಿಟ್ ಮುಳುಗುತ್ತವೆ. ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಇಳಿಸಿ: ಗದ್ದಲ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ, ಒಂದೊಂದೇ ಫ್ಯೂಸ್ ಹಾಕುತ್ತಾ ಹಿಡಿಯಬಹುದು. ಏಪ್ರಿಲ್, ಮೇ ತಿಂಗಳ ಸಿಡಿಲಿನ ಕರಕರ ಶಬ್ದಕ್ಕೆ ಮದ್ದಿಲ್ಲ. ಗುಡುಗು ಕೇಳುವ ಮೊದಲೇ ಕೇಬಲ್ ಕಳಚಿ ಮನೆಯ ಹೊರಗಿಡಿ.

ಕತ್ತಲಾದ ಮೇಲೆ ಬೆಂಗಳೂರು ಮಾಯವಾಗಿ ದೂರದ ಊರುಗಳು ಜೋರಾಗಿ ಕೇಳಿದರೆ ಆಂಟೆನಾ ಕೆಟ್ಟಿಲ್ಲ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ತೆಳುವಾಗಿ, ನೆತ್ತಿಗೆ ಹೋದ 7 ಮೆಗಾಹರ್ಟ್ಸ್ ಅದನ್ನು ತೂರಿಕೊಂಡು ಹೋಗುತ್ತದೆ. ಓರೆಯಾಗಿ ಹೋದದ್ದು ಮಾತ್ರ ಬಾಗಿ ದೂರ ಇಳಿಯುತ್ತದೆ. ಆಗ ಹತ್ತಿರದವರಿಗಾಗಿ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕು. ಅದಕ್ಕೆ ಒಂದೊಂದು ಕಡೆ 20 ಮೀಟರ್ ತಂತಿ ಬೇಕು. ಅದೇ ಕಂಬ, ಅದೇ ಕೇಬಲಿಗೆ ಜೋಡಿಸಬಹುದು, ಆದರೆ 40 ಮೀಟರ್ ಬ್ಯಾಂಡಿನ ತಂತಿಯ ಉದ್ದವನ್ನು ಮತ್ತೆ ಹೊಂದಿಸಿಕೊಳ್ಳಬೇಕು.