ಬಟನ್ನಿಗೆ ಚಿತ್ರ ಬೇಡ, ಹತ್ತು ಸಾಲು ಸಾಕು

ಶನಿವಾರ ಸಂಜೆ ಶಿವಮೊಗ್ಗದ ದುರ್ಗಿಗುಡಿಯ ಒಂದು ಮಹಡಿ ಕೋಣೆಯಲ್ಲಿ ಡಿಪ್ಲೊಮಾ, ಬಿಸಿಎ ಓದುವ ಮಕ್ಕಳಿಗೆ ಆಂಡ್ರಾಯ್ಡ್ ಹೇಳಿಕೊಡುತ್ತೇನೆ. ಹೋದ ತಿಂಗಳು ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಅಡಿಕೆ ಧಾರಣೆ ತೋರಿಸುವ ಆ್ಯಪ್ ಮಾಡಿಕೊಂಡು ಬಂದ. ರಾಶಿ, ಬೆಟ್ಟೆ, ಸರಕು, ಗೊರಬಲು, ನಾಲ್ಕಕ್ಕೂ ಒಂದೊಂದು ಕಾರ್ಡು. ನೋಡೋಕೆ ಚೆನ್ನಾಗಿಯೇ ಇತ್ತು. ಒಳಗೆ ತೆಗೆದು ನೋಡಿದೆ. ಕಾರ್ಡಿನ ಹಿನ್ನೆಲೆ ಒಂದು ಚಿತ್ರ, ಬಟನ್ ಒಂದು ಚಿತ್ರ, ಪಕ್ಕದ ಹಸಿರು ಚುಕ್ಕಿ ಒಂದು ಚಿತ್ರ. ಎರಡು ಕಾರ್ಡಿನ ನಡುವಿನ ಗೆರೆಯೂ ಪಿಎನ್‌ಜಿ ಚಿತ್ರ ಕಣ್ರೀ!

ಚಿತ್ರ ಅಂದರೆ ಒಂದೇ ಆಗಿ ಮುಗಿಯುವುದಿಲ್ಲ. ಆಂಡ್ರಾಯ್ಡ್ ಫೋನುಗಳ ಪರದೆಗೆ 1, 1.5, 2, 3, 4 ಪಟ್ಟು ಅಂತ ಐದು ಅಳತೆ ಇವೆ. ಎಲ್ಲ ಕಡೆ ಚೊಕ್ಕವಾಗಿ ಕಾಣಬೇಕಾದರೆ ಒಂದು ಗೆರೆಗೆ ಐದು ಚಿತ್ರ ಇಡಬೇಕು. ಬಣ್ಣ ಬದಲಿಸಬೇಕು ಅನ್ನಿಸಿದರೆ ಮತ್ತೆ ಐದು. ಹೊಸನಗರದ ಆಚೆ, ಟವರ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಲ್ಲಿ ಈ ಆ್ಯಪ್ ಇಳಿಸಿಕೊಳ್ಳುವವರ ಪಾಡನ್ನೂ ಸ್ವಲ್ಪ ನೆನೆಸಿಕೊಳ್ಳಿ.

ಚೌಕ, ಉರುಟು, ಗೆರೆ, ಬಳೆ. ಈ ನಾಲ್ಕನ್ನು ಆಂಡ್ರಾಯ್ಡ್ ತಾನೇ ಬರೆದುಕೊಳ್ಳುತ್ತದೆ. ಏನು ಬರೆಯಬೇಕು ಅಂತ ಒಂದು ಸಣ್ಣ ಎಕ್ಸ್‌ಎಂಎಲ್ ಕಡತದಲ್ಲಿ ಹೇಳಿದರೆ ಆಯ್ತು. ಅದನ್ನು ಹೇಗೆ ಹೇಳುವುದು ಅನ್ನುವುದೇ ಇವತ್ತಿನ ಪಾಠ.

ಮೊದಲೇ ಒಂದು ಮಾತು. ಪತ್ರಿಕೆಗಾಗಿ ಟ್ಯಾಗುಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷಿನಲ್ಲೇ ಹೊಡೆಯಬೇಕು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಮೊದಲ ಎರಡು ಅಕ್ಷರ ಒತ್ತಿದರೆ ಉಳಿದದ್ದನ್ನು ಅದೇ ತೋರಿಸುತ್ತದೆ. ಹಾಗಾಗಿ ಸ್ಪೆಲ್ಲಿಂಗ್ ಚಿಂತೆ ಬೇಡ.

ಕಡತ ಮಾಡುವುದು

ಹೊಸ ಪ್ರಾಜೆಕ್ಟ್ ತೆರೆಯುವಾಗ 'ಎಂಪ್ಟಿ ವ್ಯೂಸ್ ಆಕ್ಟಿವಿಟಿ' ಆರಿಸಿ. 'ವ್ಯೂಸ್' ಅನ್ನುವ ಪದ ಇಲ್ಲದ್ದನ್ನು ಆರಿಸಿದರೆ ಅದು ಕಂಪೋಸ್ ದಾರಿ, ಅಂದರೆ ಪರದೆಯನ್ನು ಕೋಡಿನಲ್ಲೇ ಬರೆಯುವುದು. ಅಲ್ಲಿ ಈ ಎಕ್ಸ್‌ಎಂಎಲ್ ವಿನ್ಯಾಸ ಇರುವುದಿಲ್ಲ. ಆಮೇಲೆ 'ರೆಸ್' ಒಳಗಿನ 'ಡ್ರಾಯಬಲ್' ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಹೊಸ ಡ್ರಾಯಬಲ್ ಕಡತ ತೆರೆಯಿರಿ. ಹೊರಗಿನ ಟ್ಯಾಗ್ 'ಸೆಲೆಕ್ಟರ್' ಅಂತ ಬಂದಿರುತ್ತದೆ. ಅದನ್ನು 'ಶೇಪ್' ಮಾಡಿ.

ಹೆಸರಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಕೆಳಗೆರೆ, ಇಷ್ಟೇ ಇರಬೇಕು. ಅಂಕಿಯಿಂದ ಶುರು ಮಾಡಬಾರದು. ಒಂದು ದೊಡ್ಡ ಅಕ್ಷರ ಬಿದ್ದರೂ ಇಡೀ ಪ್ರಾಜೆಕ್ಟ್ ನಿಂತುಬಿಡುತ್ತದೆ.

ಚೌಕ ಮತ್ತು ಉರುಟು

ಶೇಪ್ ಟ್ಯಾಗಿಗೆ 'ರೆಕ್ಟಾಂಗಲ್' ಅಂತ ಕೊಟ್ಟರೆ ಚೌಕ. ಏನೂ ಕೊಡದಿದ್ದರೂ ಚೌಕವೇ. ಒಳಗೆ 'ಸಾಲಿಡ್' ಹಾಕಿದರೆ ಬಣ್ಣ ತುಂಬುತ್ತದೆ, 'ಸ್ಟ್ರೋಕ್' ಹಾಕಿದರೆ ಅಂಚು ಬರುತ್ತದೆ, 'ಕಾರ್ನರ್ಸ್' ಹಾಕಿದರೆ ಮೂಲೆ ಉರುಟಾಗುತ್ತದೆ. ಕಾರ್ಡಿಗೆ 12 ಡಿಪಿ ಮೂಲೆ ಕೊಡಿ (ಡಿಪಿ ಅನ್ನುವುದು ಆಂಡ್ರಾಯ್ಡಿನ ಅಳತೆ, ಲೆಕ್ಕ ಕೆಳಗಿದೆ). 4 ಕೊಟ್ಟರೆ ಸರ್ಕಾರಿ ಅರ್ಜಿಯ ಹಾಗೆ ಕಾಣುತ್ತದೆ, 24 ಕೊಟ್ಟರೆ ಸೋಪಿನ ಹಾಗೆ. ಮಾತ್ರೆಯಾಕಾರದ ಬಟನ್ ಬೇಕಾದರೆ ಎತ್ತರದ ಅರ್ಧ ಎಷ್ಟು ಅಂತ ಲೆಕ್ಕ ಹಾಕುತ್ತಾ ಕೂರಬೇಡಿ, ಸುಮ್ನೆ 100 ಡಿಪಿ ಬರೆಯಿರಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಆಂಡ್ರಾಯ್ಡ್ ಅರ್ಧಕ್ಕೇ ನಿಲ್ಲಿಸಿಕೊಳ್ಳುತ್ತದೆ.

ಅಳತೆ ಯಾವಾಗಲೂ ಡಿಪಿಯಲ್ಲೇ ಇರಲಿ. ಒಂದು ಇಂಚಿಗೆ 160 ಚುಕ್ಕಿ ಇರುವ ಪರದೆಯಲ್ಲಿ 1 ಡಿಪಿ ಅಂದರೆ 1 ಪಿಕ್ಸೆಲ್. 480 ಚುಕ್ಕಿಯ ಪರದೆಯಲ್ಲಿ ಅದೇ 1 ಡಿಪಿ 3 ಪಿಕ್ಸೆಲ್ ಆಗುತ್ತದೆ. ಈ ಗುಣಾಕಾರವನ್ನು ಫೋನೇ ಮಾಡಿಕೊಳ್ಳುತ್ತದೆ. ಜಾಲತಾಣಗಳಲ್ಲಿ 'ಬಟನ್ ಜನರೇಟರ್' ಅಂತ ಪುಕ್ಕಟೆ ಸಿಗುತ್ತವಲ್ಲ, ಅಂಥ ಒಂದರಿಂದ ನಕಲು ಮಾಡಿಕೊಂಡು ಬಂದ ಕಡತದಲ್ಲಿ ಅಳತೆಯೆಲ್ಲ ಪಿಕ್ಸೆಲ್ಲಿನಲ್ಲಿತ್ತು. ಹಳೆಯ ಫೋನಿನಲ್ಲಿ ದಪ್ಪಗೆ ಕಂಡ ಅಂಚು ಹೊಸ ಫೋನಿನಲ್ಲಿ ಕೂದಲೆಳೆಯಾಗಿತ್ತು. ಹತ್ತು ಸಾಲು ಕೈಯಲ್ಲೇ ಬರೆಯಿರಿ, ಕೈ ಸವೆಯುವುದಿಲ್ಲ.

ಬಣ್ಣದಲ್ಲಿ ಒಂದು ಎಡವಟ್ಟು ಇದೆ. ವೆಬ್‌ಸೈಟ್ ಮಾಡಿ ರೂಢಿ ಇರುವವರು ಇಲ್ಲಿ ಬೀಳುತ್ತಾರೆ. ಎಂಟು ಅಂಕಿಯ ಬಣ್ಣದಲ್ಲಿ ಪಾರದರ್ಶಕತೆಯ ಎರಡು ಅಂಕಿ ವೆಬ್‌ನಲ್ಲಿ ಕೊನೆಗೆ ಬರುತ್ತವೆ, ಆಂಡ್ರಾಯ್ಡಿನಲ್ಲಿ ಮೊದಲು. #33000000 ಅಂದರೆ ಇಲ್ಲಿ ಶೇಕಡಾ 20ರಷ್ಟು ಗಟ್ಟಿಯಾದ ಕಪ್ಪು, ತೆಳು ನೆರಳಿಗೆ ಹೇಳಿ ಮಾಡಿಸಿದ್ದು. ವೆಬ್ ಲೆಕ್ಕದಲ್ಲಿ ಅದೇ ಸಂಖ್ಯೆಗೆ ಏನೂ ಕಾಣುವುದಿಲ್ಲ.

ಬಣ್ಣ ಇಳಿದು ಬರುವಂತೆ ಬೇಕಾದರೆ 'ಸಾಲಿಡ್' ಬದಲು 'ಗ್ರೇಡಿಯೆಂಟ್' ಹಾಕಿ. ಎರಡನ್ನೂ ಹಾಕಬೇಡಿ, ಒಂದು ಇನ್ನೊಂದನ್ನು ನುಂಗುತ್ತದೆ. ಕೋನ 45ರ ಗುಣಕವೇ ಆಗಿರಬೇಕು. 0 ಅಂದರೆ ಎಡದಿಂದ ಬಲಕ್ಕೆ, 90 ಅಂದರೆ ಕೆಳಗಿನಿಂದ ಮೇಲಕ್ಕೆ. ಮೇಲೆ ಮೋಡದ ಬೂದು, ಕೆಳಗೆ ಕಾಡಿನ ಹಸಿರು ಅಂತ ಮಳೆಗಾಲದ ಆಗುಂಬೆಯ ಹಾಗೆ ಬೇಕಿದ್ದರೆ, ಶುರುವಿನ ಬಣ್ಣ ಬೂದು, ಕೊನೆಯದು ಹಸಿರು, ಕೋನ 270. ನನ್ನನ್ನು ಕೇಳಿದರೆ ಬಟನ್ನಿಗೆ ಗ್ರೇಡಿಯೆಂಟ್ ಬೇಡವೇ ಬೇಡ. ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೆ ಅಕ್ಷರವೇ ಕಾಣುವುದಿಲ್ಲ.

ಉರುಟಿಗೆ 'ಓವಲ್'. ಅಗಲ, ಎತ್ತರ ಒಂದೇ ಇದ್ದರೆ ವೃತ್ತ, ಇಲ್ಲದಿದ್ದರೆ ಮೊಟ್ಟೆ. ಇಮೇಜ್ ವ್ಯೂನಲ್ಲಿ (ಪರದೆಯಲ್ಲಿ ಚಿತ್ರ ಕೂರುವ ಚೌಕಟ್ಟು) 'ರ‍್ಯಾಪ್ ಕಂಟೆಂಟ್' (ಒಳಗಿನದಕ್ಕೆ ತಕ್ಕಷ್ಟೇ ಅಳತೆ) ಕೊಟ್ಟು, ಶೇಪ್ ಒಳಗೆ 'ಸೈಜ್' ಬರೆಯದೆ ಬಿಟ್ಟರೆ ಚುಕ್ಕಿ ಕಾಣುವುದೇ ಇಲ್ಲ. ಅದಕ್ಕೆ ತನ್ನದೇ ಅಳತೆ ಇಲ್ಲವಲ್ಲ!

ಇನ್ನು ಬಟನ್ನಿಗೆ ಶೇಪ್ ತೊಡಿಸುವ ಕತೆ. 'ಬ್ಯಾಕ್‌ಗ್ರೌಂಡ್' ಅಂತ ಶೇಪಿನ ಹೆಸರು ಕೊಟ್ಟಾಯ್ತು, ಓಡಿಸಿ ನೋಡಿದರೆ ಬಟನ್ ಇನ್ನೂ ಥೀಮಿನದೇ ನೇರಳೆ ಬಣ್ಣದಲ್ಲಿ ಕೂತಿದೆ. ಪ್ರತಿ ಬ್ಯಾಚಿನಲ್ಲೂ ಅರ್ಧ ಜನ ಇದೇ ದೂರು ತರುತ್ತಾರೆ. ತಪ್ಪು ಶೇಪಿನದ್ದಲ್ಲ. ಮೆಟೀರಿಯಲ್ ಥೀಮ್ ನಿಮ್ಮ ಬಟನ್ನನ್ನು ಸದ್ದಿಲ್ಲದೆ ಮೆಟೀರಿಯಲ್ ಬಟನ್ ಮಾಡಿ, ಅದರ ಮೇಲೆ ತನ್ನ ಬಣ್ಣ ಬಳಿಯುತ್ತದೆ. 'ಬ್ಯಾಕ್‌ಗ್ರೌಂಡ್ ಟಿಂಟ್' ಅನ್ನು '@ನಲ್' ಮಾಡಿದರೆ ಬಳಿಯುವುದು ನಿಲ್ಲುತ್ತದೆ. ನಾನಂತೂ ಆ್ಯಪ್‌ಕಂಪ್ಯಾಟ್ ಬಟನ್ ಅನ್ನೇ ನೇರವಾಗಿ ಬರೆಯುತ್ತೇನೆ, ಅದಕ್ಕೆ ಥೀಮ್ ಬಣ್ಣ ಬಳಿಯುವುದಿಲ್ಲ, ಗೋಜಲಿಲ್ಲ.

ಗೆರೆ

'ಲೈನ್' ಶೇಪಿಗೆ ಸಾಲಿಡ್ ನಾಟುವುದಿಲ್ಲ, ಸ್ಟ್ರೋಕ್ ಇರಲೇಬೇಕು. ವ್ಯೂ ಎತ್ತರ ಸ್ಟ್ರೋಕಿನ ದಪ್ಪಕ್ಕಿಂತ ಜಾಸ್ತಿಯೇ ಇರಬೇಕು, ಸಮ ಇದ್ದರೂ ಗೆರೆ ಕಾಣುವುದಿಲ್ಲ. ನೇರ ಗೆರೆಯೊಂದೇ ಸಾಕಾದರೆ ಶೇಪೇ ಬೇಡ, 1 ಡಿಪಿ ಎತ್ತರದ ಖಾಲಿ ವ್ಯೂಗೆ ಬಣ್ಣ ಕೊಡಿ. ಅಂಗಡಿ ಬಿಲ್ಲಿನ ಹಾಗೆ ತುಂಡುಗೆರೆ ಬೇಕಾದಾಗ ಮಾತ್ರ 'ಡ್ಯಾಶ್ ವಿಡ್ತ್', 'ಡ್ಯಾಶ್ ಗ್ಯಾಪ್' ಎರಡೂ ಹಾಕಿ. ಹಳೆಯ ಫೋನುಗಳಲ್ಲಿ ಅದು ಇಡೀ ಗೆರೆಯಾಗಿ ಕಂಡರೆ ಆ ವ್ಯೂಗೆ 'ಲೇಯರ್ ಟೈಪ್ ಸಾಫ್ಟ್‌ವೇರ್' ಅಂತ ಕೊಡಿ.

ಬಳೆ: ಎಲ್ಲರೂ ಮುಗ್ಗರಿಸುವ ಜಾಗ

ನಮ್ಮ ಜಿಲ್ಲೆಯಲ್ಲಿ ಆ್ಯಪ್ ಕಲಿಯುವವರು ಒಂದಲ್ಲ ಒಂದು ದಿನ ಅಣೆಕಟ್ಟೆಯ ನೀರಿನ ಮಟ್ಟ ತೋರಿಸಲು ಹೊರಡುತ್ತಾರೆ. ಜುಲೈ ಬಂತೆಂದರೆ ಎಲ್ಲರ ಬಾಯಲ್ಲೂ ಲಿಂಗನಮಕ್ಕಿ ಎಷ್ಟಾಯ್ತು, ಭದ್ರಾ ಎಷ್ಟಾಯ್ತು ಅನ್ನುವುದೇ ಮಾತು ತಾನೇ? ಅದಕ್ಕೆ ತುಂಬುತ್ತಾ ಹೋಗುವ ಬಳೆ ಬೇಕು. ಶೇಪ್ ಕಡತದಲ್ಲಿ 'ರಿಂಗ್' ಬರೆಯುತ್ತಾರೆ, ಬಣ್ಣ ಕೊಡುತ್ತಾರೆ, ಓಡಿಸುತ್ತಾರೆ. ಪರದೆ ಖಾಲಿ. ದೋಷದ ಸಂದೇಶವೂ ಇಲ್ಲ. ಒಬ್ಬಳು ಹುಡುಗಿ ಎರಡು ದಿನ ಇದರ ಹಿಂದೆ ಬಿದ್ದು, ಕೊನೆಗೆ ಬಳೆಯ ಫೋಟೋ ಹಾಕಿಬಿಟ್ಟಿದ್ದಳು.

ಆಗಿದ್ದು ಇಷ್ಟು. ರಿಂಗ್‌ಗೆ 'ಯೂಸ್ ಲೆವೆಲ್' ಅಂತ ಒಂದು ಗುಣ ಇದೆ. ನೀವು ಏನೂ ಹೇಳದಿದ್ದರೆ ಅದು 'ಟ್ರೂ' ಆಗಿರುತ್ತದೆ. ಟ್ರೂ ಇದ್ದಾಗ ಬಳೆ ಪೂರ್ತಿ ಸುತ್ತು ಬರೆಯುವುದಿಲ್ಲ, ತನ್ನ 'ಲೆವೆಲ್' ಎಷ್ಟೋ ಅಷ್ಟೇ ಸುತ್ತುತ್ತದೆ. ಲೆವೆಲ್ 0ಯಿಂದ 10,000ದವರೆಗೆ ಇರುತ್ತದೆ. 10,000 ಅಂದರೆ 360 ಡಿಗ್ರಿ, 5,000 ಅಂದರೆ ಅರ್ಧ ಬಳೆ. ಯಾರೂ ಲೆವೆಲ್ ಕೊಡದಿದ್ದರೆ ಅದು 0. ಸೊನ್ನೆ ಡಿಗ್ರಿಯ ಬಳೆ ಬರೆದಿದೆ ಪಾಪ, ನಮಗೆ ಕಂಡಿಲ್ಲ.

ಹಾಗಾಗಿ ರಿಂಗ್ ಬರೆದಾಗಲೆಲ್ಲ ಯೂಸ್ ಲೆವೆಲ್ ಟ್ರೂ ಅಥವಾ ಫಾಲ್ಸ್ ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ಇರುವ ಬಳೆಗೆ ಫಾಲ್ಸ್, ತುಂಬುವ ಬಳೆಗೆ ಟ್ರೂ. 'ಟ್ರೂ ತಾನಾಗೇ ಬರುತ್ತದಲ್ಲ' ಅಂತ ಬಿಟ್ಟರೆ ಆಂಡ್ರಾಯ್ಡ್ 5.0 ಫೋನುಗಳಲ್ಲಿ ಕೈಕೊಡುತ್ತದೆ.

ಅಳತೆಯಲ್ಲೂ ಹುಷಾರು. 'ಇನ್ನರ್ ರೇಡಿಯಸ್' ಅಂದರೆ ಒಳಗಿನ ತೂತಿನ ತ್ರಿಜ್ಯ. 'ಥಿಕ್‌ನೆಸ್' ಅದರ ಹೊರಗೆ ಸೇರುತ್ತದೆ. ಎರಡೂ ಕೂಡಿದ್ದು ವ್ಯೂ ಅಗಲದ ಅರ್ಧವನ್ನು ಮೀರಬಾರದು. 120 ಡಿಪಿ ಅಗಲದ ವ್ಯೂನಲ್ಲಿ ತ್ರಿಜ್ಯ 60, ದಪ್ಪ 10 ಕೊಟ್ಟರೆ ಬಳೆಗೆ 140 ಡಿಪಿ ಜಾಗ ಬೇಕು, ನಾಲ್ಕೂ ಬದಿ ಕತ್ತರಿಸಿ ಹೋಗುತ್ತದೆ. 48 ಮತ್ತು 12 ಕೊಟ್ಟರೆ ಸರಿಯಾಗಿ 60, ಅಂಚಿಗೆ ಅಂಚು ಕೂರುತ್ತದೆ. ವ್ಯೂ ಅಗಲ ಬದಲಾಗುತ್ತಿದ್ದರೆ ಡಿಪಿ ಬಿಟ್ಟು ಅನುಪಾತ ಕೊಡಬಹುದು. 'ಇನ್ನರ್ ರೇಡಿಯಸ್ ರೇಶಿಯೋ' 2.5, 'ಥಿಕ್‌ನೆಸ್ ರೇಶಿಯೋ' 10. ಅಗಲವನ್ನು ಈ ಸಂಖ್ಯೆಗಳಿಂದ ಭಾಗಿಸುತ್ತದೆ ಅನ್ನುವುದು ನೆನಪಿರಲಿ. ದಪ್ಪದ ಅನುಪಾತ ದೊಡ್ಡದಾದಷ್ಟೂ ಬಳೆ ತೆಳ್ಳಗಾಗುತ್ತದೆ.

ಈಗ ಎರಡು ಬಳೆ ಒಂದರ ಮೇಲೊಂದು. ಶೇಪ್ ಬದಲು 'ಲೇಯರ್ ಲಿಸ್ಟ್' ಹೊರಗಿನ ಟ್ಯಾಗ್. ಅದರಲ್ಲಿ ಎರಡು 'ಐಟಂ'. ಮೊದಲು ಬರೆದದ್ದು ಕೆಳಗೆ ಹೋಗುತ್ತದೆ. ಅದು ತೆಳು ಬೂದು ಬಳೆ, ಯೂಸ್ ಲೆವೆಲ್ ಫಾಲ್ಸ್. ಎರಡನೆಯದು ನೀಲಿ ಬಳೆ, ಟ್ರೂ. ಐಟಂಗಳ ಐಡಿ ನಿಮ್ಮಿಷ್ಟದ ಹೆಸರಲ್ಲ. ಆಂಡ್ರಾಯ್ಡಿನದೇ 'ಬ್ಯಾಕ್‌ಗ್ರೌಂಡ್', 'ಪ್ರೋಗ್ರೆಸ್' ಐಡಿಗಳೇ ಆಗಬೇಕು. ಈ ಕಡತವನ್ನು ಅಡ್ಡ ಶೈಲಿಯ ಪ್ರೋಗ್ರೆಸ್ ಬಾರಿಗೆ 'ಪ್ರೋಗ್ರೆಸ್ ಡ್ರಾಯಬಲ್' ಅಂತ ಕೊಡಿ. ಉರುಟು ಬಳೆಗೆ ಅಡ್ಡ ಶೈಲಿ ಯಾಕೆ ಅಂತ ಕೇಳುತ್ತೀರಿ. ಉರುಟು ಶೈಲಿಯದ್ದು ಸುಮ್ನೆ ಸುತ್ತುತ್ತಾ ಇರುತ್ತದೆ, ಎಷ್ಟು ತುಂಬಿತು ಅಂತ ಹೇಳುವುದಿಲ್ಲ. ಅಡ್ಡ ಶೈಲಿಯದ್ದು ಮಾತ್ರ ನಿಮ್ಮ ಶೇಕಡಾವನ್ನು 10,000ದ ಲೆಕ್ಕಕ್ಕೆ ತಿರುಗಿಸಿ ಬಳೆಗೆ ತಲುಪಿಸುತ್ತದೆ.

ಓಡಿಸಿದರೆ ಬಳೆ ತುಂಬುತ್ತದೆ, ಆದರೆ ಗಡಿಯಾರದ 3ರ ಜಾಗದಿಂದ ಶುರುವಾಗುತ್ತದೆ. 12ರಿಂದ ಬೇಕಲ್ಲ? ನೀಲಿ ಬಳೆಯ ಶೇಪನ್ನು 'ರೊಟೇಟ್' ಟ್ಯಾಗಿನ ಒಳಗೆ ಹಾಕಿ, 'ಫ್ರಂ ಡಿಗ್ರೀಸ್' ಮತ್ತು 'ಟು ಡಿಗ್ರೀಸ್' ಎರಡಕ್ಕೂ 270 ಕೊಡಿ. ಎರಡು ಸಂಖ್ಯೆ ಬೇರೆ ಬೇರೆ ಆದರೆ ನೀರು ಏರಿದ ಹಾಗೆ ಬಳೆಯೂ ಗಿರಗಿಟ್ಲೆಯಾಗುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಒಬ್ಬನ ಬಳೆ ಬೇಸಿಗೆಯಲ್ಲೂ ತುಂಬಿಯೇ ಇತ್ತು. ಶೇಪಿನ ತಪ್ಪಲ್ಲ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ ಅಂತ ಅವನು ಅದನ್ನೇ 'ಮ್ಯಾಕ್ಸ್' ಮಾಡಿದ್ದ. ಆದರೆ ಆ ಅಡಿ ಲೆಕ್ಕ ಸಮುದ್ರ ಮಟ್ಟದಿಂದ. ನೀರು 1,760 ಅಡಿಗೆ ಇಳಿದರೂ ಭಾಗಾಕಾರ ಶೇಕಡಾ 97ರ ಹತ್ತಿರ ಬರುತ್ತದೆ! ಭದ್ರಾದ 186 ಅಡಿಯ ಲೆಕ್ಕವೇ ಬೇರೆ. ಎರಡಕ್ಕೂ ಒಂದೇ ಸೂತ್ರ ಹಾಕಬೇಡಿ. ಅಡಿ ಬಿಟ್ಟು ಟಿಎಂಸಿ ಸಂಗ್ರಹದ ಶೇಕಡಾ ತೋರಿಸಿ ಅಂತ ನಾನು ಹೇಳುವುದು.

ಬಣ್ಣ ಬದಲಿಸುವಾಗ

ಮತ್ತೆ ಅಡಿಕೆ ಹುಡುಗನ ಕಡೆ ಬರೋಣ. ಚಿತ್ರವನ್ನೆಲ್ಲ ತೆಗೆದು ಶೇಪ್ ಮಾಡಿದ. ಧಾರಣೆ ಏರಿದರೆ ಚುಕ್ಕಿ ಹಸಿರು, ಇಳಿದರೆ ಕೆಂಪು ಅಂತ ಕೋಡಿನಲ್ಲಿ ಬರೆದ. ಮೊದಲು ಆ್ಯಪ್ ತೆರೆದ ಕೂಡಲೇ ಬಿದ್ದುಹೋಯಿತು. ಕಡತದ ಟ್ಯಾಗ್ 'ಶೇಪ್' ಆದ್ದರಿಂದ ಕೋಡಿನಲ್ಲೂ 'ಶೇಪ್ ಡ್ರಾಯಬಲ್' ಅಂದುಕೊಂಡಿದ್ದ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಆ ಟ್ಯಾಗಿನಿಂದ ಹುಟ್ಟುವುದು 'ಗ್ರೇಡಿಯೆಂಟ್ ಡ್ರಾಯಬಲ್', ಒಳಗೆ ಗ್ರೇಡಿಯೆಂಟ್ ಇರಲಿ ಬಿಡಲಿ. ಈ ಹೆಸರು ಇಟ್ಟವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅದನ್ನು ಸರಿಪಡಿಸಿದ. ಆಮೇಲೆ ರಾಶಿ ಒಂದರ ಧಾರಣೆ ಏರಿದ್ದಕ್ಕೆ ಬೆಟ್ಟೆ, ಸರಕು, ಗೊರಬಲು ಎಲ್ಲವೂ ಹಸಿರಾದವು. ಒಂದೇ ಕಡತದಿಂದ ಬಂದ ಚುಕ್ಕಿಗಳು ಉಳಿತಾಯಕ್ಕಾಗಿ ಒಂದೇ ಸ್ಥಿತಿಯನ್ನು ಹಂಚಿಕೊಂಡಿರುತ್ತವೆ. ಒಂದರ ಬಣ್ಣ ಬದಲಿಸಿದರೆ ಉಳಿದವೂ ಜೊತೆಗೆ ಬದಲಾಗುತ್ತವೆ. ಬಣ್ಣ ಮುಟ್ಟುವ ಮುಂಚೆ ಆ ಚುಕ್ಕಿಯ ಮೇಲೆ 'ಮ್ಯೂಟೇಟ್' ಅಂತ ಒಮ್ಮೆ ಕರೆಯಬೇಕು. ಆಗ ಅದರ ಪಾಲು ಬೇರೆಯಾಗುತ್ತದೆ. 'ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡ ಹಾಗಾ ಸರ್' ಅಂತ ಕೇಳಿದ. ಹೌದಪ್ಪ, ಇಲ್ಲಿ ಕೋರ್ಟಿಗೆ ಅಲೆಯುವುದಿಲ್ಲ, ಅಷ್ಟೇ.